ರಸಮಟ್ಟ

ಟೈಲು ಹಾಸುವವನಿಗೆ ಕ್ಯಾಮರಾ ಯಾಕೆ ಎಂದು
ಉಪ್ಪಳದಲ್ಲಿ ಕೇಳದವರು ಅಂದುಂಞಿಚ್ಚ ಒಬ್ಬರೇ.
ಶಾರ್ಜಾದಿಂದ ತಂದು, ಎರಡು ಮದುವೆ ತೆಗೆದು,
ಬೇಸರ ಬಂದು ಅಟ್ಟಕ್ಕೆ ಹಾಕಿದ್ದರಂತೆ.
ಬಾತ್‌ರೂಮಿನ ಕೂಲಿಯಲ್ಲಿ ಮೂರು ಸಾವಿರ ಹಿಡಿದುಕೊಂಡು
‘ತಕ್ಕೋ ಲೋಲಾಕ್ಷ, ನಿನ್ನ ಕಣ್ಣು ಸಪಾಟು ಉಂಟು’ ಅಂದರು.

ಆ ಸಪಾಟೇ ನನಗೆ ತೊಂದರೆಯಾಯಿತು.
ಇಪ್ಪತ್ತೆರಡು ವರ್ಷ
ರಸಮಟ್ಟದ ಹಸಿರು ನೀರಿನೊಳಗೆ ಆ ಒಂದು ಗುಳ್ಳೆ
ಎರಡು ಗೆರೆಗಳ ನಡುವೆ ಬಂದು ನಿಲ್ಲುವವರೆಗೆ
ಉಸಿರು ಬಿಡದೆ ಮಂಡಿಯೂರಿದವನು.
ಕ್ಯಾಮರಾದ ಒಳಗೂ ಒಂದು ಗೆರೆ ಕಂಡಾಗ,
ಓರೆಯಾದರೆ ಕೆಂಪು, ಸಮವಾದರೆ ಹಸಿರು,
ಪರವೂರಲ್ಲಿ ನೆಂಟರು ಸಿಕ್ಕಿದ ಹಾಗಾಯಿತು.

ಮೊದಲ ವರ್ಷದ ಭಾನುವಾರಗಳೆಲ್ಲ ಸೂರ್ಯಾಸ್ತ.
ಊರಿಗೆ ಸೂರ್ಯ ಒಂದು, ನನ್ನಲ್ಲಿ ಎಂಟುನೂರ ನಲವತ್ತು.
ಎಲ್ಲದರಲ್ಲೂ ಕಡಲು
ಗೋಡೆಗೆ ದಾರ ಹಿಡಿದ ಹಾಗೆ ನೆಟ್ಟಗೆ.
ಸ್ಟುಡಿಯೋದ ವಾಮನಣ್ಣ ಬೆರಳು ನೆಕ್ಕಿ ನೆಕ್ಕಿ ಪ್ರಿಂಟು ಮಗುಚಿದ.
‘ಚಂದ ಉಂಟು. ಎಲ್ಲ ಚಂದ ಉಂಟು’ ಅಂದ,
ಊಟ ಹೆಚ್ಚಾದವನ ಧ್ವನಿಯಲ್ಲಿ.

‘ಕಲಿಯುವುದಷ್ಟೆ’ ಅಂದೆ.
ಒಳ್ಳೆಯ ಕೊಡೆ ಆ ಮಾತು. ಮೂರು ವರ್ಷ ಅದರಡಿ ನಿಂತೆ.
ಲೆನ್ಸು ಬದಲಾಯಿಸಿದೆ, ಕೊಡೆ ಬದಲಾಯಿಸಲಿಲ್ಲ.
ಕಾಸರಗೋಡಿನಲ್ಲಿ ಒಮ್ಮೆ ಸಮಾಧಾನಕರ ಬಹುಮಾನ,
ಒಂದು ಗೋಡೆ ಗಡಿಯಾರ.
ಅದು ಹತ್ತು ನಿಮಿಷ ಮುಂದೆ ಓಡುತ್ತದೆ. ನಾನು ಅಲ್ಲೇ.

ಮುಸೋಡಿಗೆ ಹೋದದ್ದು ಆಟಿ ತಿಂಗಳ ಒಂದು ಹೊಳವಿನಲ್ಲಿ.
ಕಡಲು ಕೊರೆದ ಸಾಲಿನಲ್ಲಿ ಉಳಿದ ಕೊನೆಯ ಮನೆ ಅಪ್ಪಿಯಕ್ಕನದು.
ಅಡಿಗೆಕೋಣೆ ಹೋಗಿತ್ತು. ಬಚ್ಚಲು ಹೋಗಿತ್ತು.
ಚಾವಡಿಯ ಅರ್ಧ ನೆಲ
ಅಡಿಗೆ ಮರಳಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತ್ತು.

ಆ ನೆಲ ನನ್ನದು.
ಹನ್ನೊಂದು ವರ್ಷದ ಹಿಂದೆ ಹಾಸಿದ್ದು.
ಜೇನಿನ ಬಣ್ಣದ ಎರಡಡಿ ಟೈಲು, ಸಂದಿಗೆ ಬಿಳಿ ಸಿಮೆಂಟು,
ಕೂಲಿ ಮೂರು ಕಂತು, ಕೊನೆಯ ಕಂತು ಬಂಗುಡೆಯಲ್ಲಿ.

ಬಾಗಿಲ ಬಳಿ ಮಂಡಿಯೂರಿ ಕಣ್ಣಿಟ್ಟೆ.
ಕಡಲನ್ನು ಸಮ ಮಾಡಿದರೆ ಗೆರೆ ಹಸಿರು, ಮನೆ ವಾಲಿತು.
ಮನೆಯನ್ನು ಸಮ ಮಾಡಿದರೆ ಗೆರೆ ಕೆಂಪು, ಕಡಲು ವಾಲಿತು.
ಹಾಗೆ, ಹೀಗೆ, ಮತ್ತೆ ಹಾಗೆ. ಕುತ್ತಿಗೆ ಬೆವರಿತು.
ಕಡಲು ಯಾವತ್ತೂ ಸಮ, ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ,
ಎಂಟುನೂರ ನಲವತ್ತು ಸೂರ್ಯರು ಸಾಕ್ಷಿ ಇದ್ದಾರೆ.

ಅಪ್ಪಿಯಕ್ಕ ಶಾಲೆಯ ಕ್ಯಾಂಪಿನಿಂದ ಬಂದಿದ್ದಳು,
ಸಾಮಾನು ಒಯ್ಯಲಿಕ್ಕಲ್ಲ, ಗುಡಿಸಲಿಕ್ಕೆ.
ಹಿಡಿಸೂಡಿಯಲ್ಲಿ ಮರಳನ್ನು ಒಟ್ಟುಮಾಡಿ
ಮುರಿದ ಅಂಚಿನಿಂದ ಕೆಳಗೆ ತಳ್ಳಿದಳು,
ಪಕ್ಕದ ಮನೆಯ ಪಾತ್ರೆ ಹಿಂದೆ ಕೊಟ್ಟ ಹಾಗೆ.
ಆಮೇಲೆ ಸೊಂಟಕ್ಕೆ ಕೈಯಿಟ್ಟು ನನ್ನ ಒದ್ದಾಟ ನೋಡಿದಳು.
‘ಎಂತಾಯಿತು?’
‘ಓರೆ ಬರ್ತದೆ ಅಕ್ಕ.’

ಅವಳು ಹೇಳಿದ್ದು ತುಳುವಿನಲ್ಲಿ,
ಕನ್ನಡಕ್ಕೆ ತರುವಾಗ ಸ್ವಲ್ಪ ಉಪ್ಪು ಉದುರುತ್ತದೆ:
‘ನೀನು ಹಾಕಿದ ನೆಲ ಇದು, ಲೋಲು. ಗೋಲಿ ಇಟ್ಟರೆ ಇಟ್ಟಲ್ಲೇ.
ಮನೆ ಎಲ್ಲಿಗೂ ಹೋಗಲಿಲ್ಲ. ಓರೆಯಾದದ್ದು ಅದು.’
ಹಿಡಿಸೂಡಿಯ ತುದಿ ಕಡಲಿನ ಕಡೆಗೆ.

ಗೆರೆ ಕೆಂಪಾಯಿತು. ಇರಲಿ ಅಂದೆ.
ಅವಳ ನೆಲ ಸಮ. ಆ ನೆಲದ ಮೇಲೆ ಅವಳ ಬರಿಗಾಲು ಸಮ.
ಹಿಂದೆ ಕಡಲು ಇಡಿಗೆ ಇಡಿ ಎಡಕ್ಕೆ ವಾಲಿ
ಚೌಕಟ್ಟಿನ ಮೂಲೆಯಿಂದ ಸುರಿದುಹೋಗುತ್ತಿತ್ತು.
ಒಂದು ಸಲ ಒತ್ತಿದೆ.
ಇನ್ನೊಂದು ಬೇಕೆನಿಸಲಿಲ್ಲ.

ವಾಮನಣ್ಣ ಬೆರಳು ನೆಕ್ಕಲು ಮರೆತ.
ಪ್ರಿಂಟನ್ನು ತಿರುಗಿಸಿದ, ತನ್ನ ತಲೆಯನ್ನು ತಿರುಗಿಸಿದ.
‘ಕಡಲು ಸೊಟ್ಟ ಬಂದಿದೆ’ ಅಂದ.
‘ಹೌದು’ ಅಂದೆ.
ಅದರ ಮೇಲೆ ಇನ್ನೊಂದು ಮಾತು ಸೇರಿಸಲಿಲ್ಲ.

ಸೋಮವಾರ ಕುಂಜತ್ತೂರಿನಲ್ಲಿ ಹೊಸ ಮನೆ.
ರಸಮಟ್ಟ ಇಟ್ಟೆ. ಗುಳ್ಳೆ ಅತ್ತ ಇತ್ತ ಆಡಿ ನಡುವೆ ಬಂದು ಕೂತಿತು.
ಹುಡುಗ ಗಾರೆ ಕಲಸಿ ಕಾಯುತ್ತಿದ್ದ.
ನಾನು ಎದ್ದು, ಇನ್ನೂ ಚೌಕಟ್ಟು ಕೂರಿಸದ ಕಿಟಕಿಯ ತೂತಿನಿಂದ
ಪಡುವಣಕ್ಕೆ ನೋಡಿದೆ,
ಎಷ್ಟು ದೂರ ಉಂಟು ಎಂದು.