ಇತರೆ ಖರ್ಚು

ವಾರ್ಜೆ ನಾಕಾದಲ್ಲಿ ಬೆಳಗಿನ ಏಳು ಗಂಟೆ.
ಫ್ಲೈಓವರಿನ ಹೊಟ್ಟೆಯಡಿ ನಿಂತವರ ತೋಳು
ಮೊದಲು ನೋಡುತ್ತಾರೆ, ಮುಖ ಆಮೇಲೆ,
ಹೆಸರು ಯಾರೂ ಕೇಳುವುದಿಲ್ಲ.
ಕರಣೆ ಹಿಡಿದವನಿಗೆ ಒಂದು ದರ,
ಬುಟ್ಟಿ ಹೊರುವವಳಿಗೆ ಒಂದು,
ಎಂಟೂವರೆ ದಾಟಿದರೆ ಇಬ್ಬರಿಗೂ
ಸಿಕ್ಕಷ್ಟು.

ಭಾನುವಾರ ನಾನಲ್ಲಿ ಅರ್ಜಿ ಬರೆಯುತ್ತೇನೆ.
ಪುಣ್ಯಕ್ಕಲ್ಲ, ದುಡ್ಡಿಗೂ ಅಲ್ಲ.
ಉಳಿದ ಆರು ದಿನ ಸದಾಶಿವ ಪೇಠೆಯ ಮಾಳಿಗೆಯಲ್ಲಿ
ಉಳ್ಳವರ ತೆರಿಗೆ ತೆಳ್ಳಗೆ ಮಾಡುವ ಕೆಲಸ ನನ್ನದು,
ಈರುಳ್ಳಿ ಹೆಚ್ಚಿದ ಹಾಗೆ, ಯಾರ ಕಣ್ಣಲ್ಲೂ ನೀರು ಬಾರದಂತೆ.
ಏಳನೆಯ ದಿನವೂ ಬೆರಳಲ್ಲಿ ಅದೇ ವಾಸನೆ.

ಶಾಣಮ್ಮ ಬಂದಳು, ಶಹಾಪುರದ ಕಡೆಯವಳು.
ತಲೆಯ ಮೇಲೆ ಸಿಂಬಿ ಹಾಗೇ ಇತ್ತು,
ಅದರ ಸುರುಳಿಯೊಳಗೆ ಆಧಾರ್ ಕಾರ್ಡು.
ಮಗಳು ನರ್ಸಿಂಗಿಗೆ ಸೇರಿದ್ದಾಳೆ,
ಕಟ್ಟಡದವರ ಮಂಡಳಿಯಲ್ಲಿ ಏನೋ ಕೊಡುತ್ತಾರಂತೆ.
"ಕೊಡ್ತಾರ," ಅಂದೆ. "ವರ್ಷದಾಗ ತೊಂಬತ್ತು ದಿನ ದುಡಿದೀ ಅಂತ
ಮಾಲಕನ ಸಹಿ ಬೇಕು."

"ಯಾವ ಮಾಲಕ?"

ಅಣಕವಲ್ಲ, ನಿಜಕ್ಕೂ ಕೇಳಿದಳು.
ಕರೆದೊಯ್ದವನು ಟೆಂಪೋದವನು, ಕೂಲಿ ಎಣಿಸಿದವನು ಮುಕಾದಮ,
ಮುಕಾದಮನಿಗೆ ಕೊಡುವವನನ್ನು ಒಮ್ಮೆ ದೂರದಿಂದ ಕಂಡಿದ್ದಾಳೆ:
ಬಿಳಿ ಹೆಲ್ಮೆಟ್ಟು, ಕೆಸರು ತಾಗದ ಬೂಟು.

"ಬರಕೋ ತಮ್ಮಾ. ಬಾಣೇರ ಗುಡ್ಡದ ಮ್ಯಾಲ ಇಪ್ಪತ್ತಾರು,
ಒಂಬತ್ತನೇ ಸ್ಲ್ಯಾಬಿಂದ ಹನ್ನೊಂದರ ತನಕ.
ನಡುವ ಎರಡು ದಿನ ಜ್ವರ, ಅವು ಹಿಡದಿಲ್ಲ.
ಕಾತ್ರಜದಾಗ ಸಂಡಾಸದ ಟೈಲ್ಸು, ಹದಿನಾಲ್ಕು.
ಹಿಂಜವಡಿ ಮೂವತ್ತೊಂದು. ಅದರಾಗ ನಾಕು ದಿನದ ಪಗಾರ ಇನ್ನೂ ಬಂದಿಲ್ಲ,
ಆದ್ರ ದುಡಿದದ್ದು ದುಡಿದದ್ದೇ, ಹೌದಿಲ್ಲ?
ಗಣಪತಿ ಮಂಡಪಕ್ಕ ಬಿದಿರು ಹೊತ್ತದ್ದು ಐದು,
ಅದು ಕಟ್ಟಡ ಅಲ್ಲಂದ್ರ ಬಿಡು.
ಖರಾಡಿ ಇಪ್ಪತ್ತೆರಡು."

ಐದು ಬಿಟ್ಟು ಕೂಡಿದೆ. ತೊಂಬತ್ತಮೂರು.
ಸುಮ್ಮನೆ ಇಟ್ಟಿಲ್ಲ ಅವಳಿಗೆ ಆ ಹೆಸರು.
ಬಾಯಿಲೆಕ್ಕಕ್ಕೆ ಮಾತ್ರ ಸಹಿಯಿಲ್ಲ.

ಇನ್ನೊಂದಿದೆ, ಹೇಳಿಬಿಡುತ್ತೇನೆ.
ಬಾಣೇರ ಗುಡ್ಡದ ಕಡತ ನನ್ನ ಮೇಜಿನ ಮೇಲಿದೆ.
ಅದರಲ್ಲಿ ಶಾಣಮ್ಮ ಇದ್ದಾಳೆ,
ಗಂಡನ ಹೆಸರು, ಊರು, ತಾಲೂಕು ಸಮೇತ.
ಇಪ್ಪತ್ತಾರಲ್ಲ, ನೂರಾ ಹತ್ತು ದಿನ ಇದ್ದಾಳೆ;
ಕೂಲಿ ಅವಳು ಕಂಡದ್ದರ ದುಪ್ಪಟ್ಟು;
ವೋಚರಿನ ಮೇಲೆ ನೇರಳೆ ಹೆಬ್ಬೆಟ್ಟು, ಯಾರದೋ.
ಸಿಮೆಂಟು ತಿಂದ ಅವಳ ಬೆರಳಲ್ಲಿ
ಅಷ್ಟು ಸೊಗಸಾದ ಗೆರೆಗಳು ಎಲ್ಲಿಂದ ಬರಬೇಕು?
ಎಲ್ಲ ಒಟ್ಟುಹಾಕಿ ಮೇಲೆ ಬರೆದದ್ದು ನಾನೇ:
ಇತರೆ ಖರ್ಚು.
ಅವನ ಲಾಭದಿಂದ ಅವಳನ್ನು ಕಳೆದೆ,
ತೆರಿಗೆ ಅಷ್ಟು ಇಳಿಯಿತು.
ಸಾಹೇಬರು ಬೆನ್ನು ತಟ್ಟಿ ಚಹಾ ತರಿಸಿದರು.

ಅದೇ ಕಡತದಲ್ಲಿ ಸೆಸ್ ಕಟ್ಟಿದ ರಸೀದಿಯೂ ಇದೆ,
ನೂರಕ್ಕೊಂದು, ದುಡಿದವರ ಹೆಸರಲ್ಲಿ ಎತ್ತಿದ್ದು.
ಮಂಡಳಿಯ ಖಾತೆಯಲ್ಲಿ ಅದು ಬಡ್ಡಿಯ ಮರಿ ಹಾಕುತ್ತ
ಯಾರಾದರೂ ತೊಂಬತ್ತು ದಿನ ತಂದಾರೇ ಎಂದು ಕೂತಿದೆ.

ಬರೆದುಕೊಟ್ಟದ್ದಕ್ಕೆ ಸುಮ್ಮನೆ ಹೋಗಲಾರದೆ
ಶಾಣಮ್ಮ ಒಂದು ಬಿಸ್ಕೀಟು ಪುಡಿಕೆ ತಂದಳು.
ಅಂಗಡಿಯವನು ತೆರಿಗೆ ಸೇರಿಸಿಯೇ ದುಡ್ಡು ಹಿಡಿದಿದ್ದ,
ಎಷ್ಟು ದಿನ ದುಡಿದೆ, ಮಾಲಕ ಯಾರು,
ಕೇಳಿರಲಿಲ್ಲ.
ನಾಲ್ಕು ಬಿಸ್ಕೀಟು ನಾನು ತಿಂದೆ. ಉಳಿದದ್ದು ಅವಳು ಮಗಳಿಗೆ ಕಟ್ಟಿಕೊಂಡಳು.

ಸೋಮವಾರ ಎಲ್ಲರೂ ಊಟಕ್ಕೆ ಹೋದಾಗ
ಆ ವೋಚರಿನ ಒಂದು ಜೆರಾಕ್ಸ್ ತೆಗೆದೆ.
ಕಿಸೆಯಲ್ಲಿದೆ, ಮಡಿಕೆ ಸವೆಯುತ್ತಿದೆ.
ಸುಳ್ಳು ಹೆಬ್ಬೆಟ್ಟು ಅವಳ ನಿಜವಾದ ದಿನಗಳಿಗೆ ಸಾಕ್ಷಿಯಾಗುತ್ತದೋ,
ಅಥವಾ ನಾಳೆ ನಾನೂ ಇದೇ ಫ್ಲೈಓವರಿನಡಿ ನಿಂತು
ತೋಳು ತೋರಿಸಬೇಕಾಗುತ್ತದೋ.
ನನ್ನ ತೋಳು ಯಾರಿಗೂ ಬೇಡ, ಅದು ಬೇರೆ ಮಾತು.

ಇವತ್ತು ಮತ್ತೆ ಭಾನುವಾರ.
ರಸ್ತೆಯ ಆಚೆ ಅವಳ ಸಿಂಬಿ ಕಾಣುತ್ತಿದೆ,
ಬಸ್ಸೊಂದು ದಾಟಲಿ ಎಂದು ನಿಂತಿದ್ದಾಳೆ.
ಗಂಟೆ
ಎಂಟೂ ಇಪ್ಪತ್ತು.