ಮೂರನೇ ಕಟ್ಟೆ

ಜುಬೈಲಿನಲ್ಲಿ, ಪೈಪ್ ಯಾರ್ಡಿನ ಹಿಂದೆ,
ಶುಕ್ರವಾರದ ನಮಾಜು ಮುಗಿದ ಮೇಲೆ
ಒಂದು ಮೈದಾನ ಹುಟ್ಟುತ್ತದೆ.
ಜಿಪ್ಸಮ್ ಪುಡಿಯಲ್ಲಿ ಗೆರೆ ಎಳೆಯುತ್ತಾನೆ ಸುಡಾನಿನ ಇದ್ರಿಸ್,
ವಾರವೆಲ್ಲ ಸ್ಟೋರಿನ ಗುಮಾಸ್ತ, ಇವತ್ತು ಅಂಪೈರ್.
ಶಮಾಲ್ ಗಾಳಿ ಅಳಿಸುತ್ತದೆ.
ಅವನು ಮತ್ತೆ ಎಳೆಯುತ್ತಾನೆ, ಬೈಯದೆ.

ತಂಡದಲ್ಲಿ ಎಂಟು ಜನ ಫಿಲಿಪಿನೋಗಳು.
ಒಂಬತ್ತನೆಯವ ರಜೆಗೆ ಹೋದವ ಬರಲೇ ಇಲ್ಲ,
ಅವನ ಅಂಗಿಯೊಳಗೆ ನಾನು.
ಅಡಿವೆಪ್ಪ ಅನ್ನಲು ನಾಲಿಗೆ ತಿರುಗದೆ 'ಆಡಿ' ಅಂದರು.
ಆಡಿ ಅಂದರೆ ನಮ್ಮಲ್ಲಿ ಏನೆಂದು
ನಾನಿನ್ನೂ ಹೇಳಿಲ್ಲ ಅವರಿಗೆ.

ಮೊದಲ ತಿಂಗಳು ಹೊಡೆದ ಮೇಲೂ ಬ್ಯಾಟು ಹಿಡಿದೇ ಓಡುತ್ತಿದ್ದೆ.
'ಬಿಡು ಅದನ್ನ, ಆಡಿ, ಬಿಡು!'
ಹೇಗೆ ಬಿಡಲಿ?
ಹತ್ತು ವರ್ಷದಿಂದ ಕ್ರಿಕೆಟ್ಟಿನಲ್ಲಿ
ಗೆರೆ ಮುಟ್ಟಿಸಿದ್ದು ಬ್ಯಾಟೇ ಹೊರತು ಕಾಲಲ್ಲ.
ಗ್ಲೌಸಿರುವ ಎಡಗೈ ಬಿಟ್ಟು
ಬರಿಗೈಯಲ್ಲಿ ಕ್ಯಾಚ್ ಹಿಡಿದು ಒಂದು ಬೆರಳು ಊದಿಸಿಕೊಂಡೆ.
ಆ ವಾರ ವೆಲ್ಡಿಂಗ್ ರಾಡು ಹಿಡಿದಾಗೆಲ್ಲ ರೊಡೆಲ್ ನಕ್ಕ.

ಫೋನಿನಲ್ಲಿ ಸುಗಲಾಗೆ ಆಟ ಬಿಡಿಸಿ ಹೇಳಿದೆ.
ನಾಲ್ಕು ಮೂಲೆ, ಸುತ್ತು ಬರಬೇಕು,
ಮೂಲೆ ಮೇಲೆ ಕಾಲಿದ್ದರೆ ಯಾರೂ ಔಟು ಮಾಡುವಂತಿಲ್ಲ,
ಹೊರಟಲ್ಲಿಗೇ ತಿರುಗಿ ಬಂದರೆ ಒಂದು ರನ್ನು.
ಅವಳು ಅರ್ಧಕ್ಕೇ ತಡೆದಳು:
'ಚೌಕಾಬಾರಾ ಅಲ್ಲೇನ್ರೀ?
ಕಟ್ಟಿ ಮ್ಯಾಲ ಕುಂತ ಕಾಯಿನ ಕಡ್ಯಾಕ ಬರಂಗಿಲ್ಲ,
ಸುತ್ತ ಮುಗಿಸಿದ್ರ ಹಣ್ಣು.
ಇದಕ್ಕ ಇಷ್ಟು ಮಂದಿ, ಇಷ್ಟು ಬಿಸಲಾ?'

ಏಪ್ರಿಲ್. ಪ್ಲೇಆಫ್.
ಅದೇ ತಿಂಗಳು ಪ್ಲಾಂಟಿನಲ್ಲಿ ಶಟ್‌ಡೌನ್,
ಹನ್ನೆರಡು ತಾಸಿನ ಪಾಳಿ.
ಯಾರು ಗೆಲ್ಲುತ್ತಾರೆಂದು ಬೋರ್ಡಿಗಿಂತ ಮೊದಲು
ಫೋರ್‌ಮನ್ನಿನ ಡ್ಯೂಟಿ ಚೀಟಿ ಹೇಳುತ್ತದೆ.
ಕಂಪ್ರೆಸರ್ ತಂಡದ ಮೂವರು ರಾತ್ರಿ ಪಾಳಿಯಿಂದ
ನೆಟ್ಟಗೆ ಬಂದಿದ್ದರು, ಕಣ್ಣು ಹುಣಸೆಹಣ್ಣು.
ನಮ್ಮ ಪಿಚರ್ ನೆಸ್ಟರ್ ಇನ್ನಿಂಗ್ಸುಗಳ ನಡುವೆ
ಗೋಡೆಗೊರಗಿ ನಿದ್ದೆ ಮಾಡಿದ,
ಎಬ್ಬಿಸಿದಾಗ ಮೊದಲು ಹೆಲ್ಮೆಟ್ ಹುಡುಕಿದ.

ಏಳನೆಯ ಇನ್ನಿಂಗ್ಸ್, ಕೊನೆಯದು.
ಅವರದು ಆರು, ನಮ್ಮದು ಐದು, ಇಬ್ಬರು ಔಟು.
ಮೂರನೇ ಬೇಸಿನ ಮೇಲೆ ನಾನು.
ಬಂದದ್ದು ಹೇಗೆ ಅಂದರೆ, ಹೊಡೆದೆ,
ಬ್ಯಾಟು ಬಿಟ್ಟೆ.
ಸದ್ದು ಕೇಳಿತು ಬಿದ್ದದ್ದು. ಬರಿಗೈಯಲ್ಲಿ ಓಡಿದೆ,
ಕಾಲುಗಳು ನನ್ನವೇ ಅನ್ನಿಸಿದವು.

ಬ್ಯಾಟು ಹಿಡಿದವ ರೊಡೆಲ್.
ಆಗಲೇ ಗೇಟಿನಲ್ಲಿ ಬಸ್ಸು.
ಟೇಕ್ ಬಹಾದುರ್ ಒಳ್ಳೆಯವ, ಆದರೂ
ಹಾರ್ನು ಮೂರು ಸಲ, ಆಮೇಲೆ ಉದ್ದಕೆ ಒಂದು.
ರೊಡೆಲ್ ಸಮವಸ್ತ್ರದ ಮೇಲೇ ಜರ್ಸಿ ಹಾಕಿಕೊಂಡಿದ್ದ.
ಮೊದಲ ಚೆಂಡು ಬೀಸಿದ. ಎರಡನೆಯದೂ.
ಮೂರನೆಯದು ಮಣ್ಣು ಮುಟ್ಟಿಯೇ ಬಂತು,
ಮಗು ಕೂಡ ಬಿಟ್ಟುಬಿಡುವ ಚೆಂಡು.
ಬೀಸಿದ.
ಚೆಂಡಿಗೋ ಬಸ್ಸಿಗೋ, ನಾನು ಕೇಳಲಿಲ್ಲ.
ಹೋಗುವಾಗ ಗ್ಲೌಸನ್ನು ನನ್ನತ್ತ ಎಸೆದ,
ಕಿಟಕಿಯಲ್ಲಿ ಕುಳಿತ ಮೇಲೆ ತಿರುಗಿ ನೋಡಲಿಲ್ಲ.

ದೂರದ ಚಿಮಣಿಯ ತುದಿಯಲ್ಲಿ ಬೆಂಕಿ,
ಹಗಲಿಡೀ ಇತ್ತು, ಈಗ ಕಾಣತೊಡಗಿತು.
ಗೆದ್ದವರು ಫೋಟೋ ತೆಗೆಸಿಕೊಂಡರು ಎರಡು, ಆಕಳಿಸುತ್ತ.
ಇದ್ರಿಸ್ ಸಾಮಾನು ಕಟ್ಟತೊಡಗಿದ.
ಕನ್ವೇಯರ್ ಬೆಲ್ಟಿನಲ್ಲಿ ಕತ್ತರಿಸಿದ ಐದು ಮೂಲೆಯ ಹೋಮನ್ನು
ಮೊದಲು ಕಿತ್ತು, ಮರಳು ಕೊಡವಿ,
ಮನೆಯನ್ನೇ ಸುರುಳಿ ಸುತ್ತಿ ಡಿಕ್ಕಿಯಲ್ಲಿಟ್ಟ.
ಆಮೇಲೆ ಒಂದನೆಯದು. ಎರಡನೆಯದು.
ನನ್ನ ಹತ್ತಿರ ಬಂದು ನಿಂತ:
'ಕಾಲು ತೆಗೀತೀಯಾ, ಸದೀಕ್?'

ರಾತ್ರಿ ಸುಗಲಾಗೆ ಹೇಳಿದೆ, ಮೂರನೆಯದರಲ್ಲೇ ಉಳಿದೆ ಅಂತ.
ಗಿರಣಿಯಿಂದ ಬಂದ ಹಿಟ್ಟು ಜರಡಿ ಹಿಡಿಯುತ್ತಿದ್ದಳು,
ಸದ್ದು ನಿಲ್ಲಿಸಲಿಲ್ಲ.
'ಕಟ್ಟಿ ಮ್ಯಾಲ ಇದ್ರಿ, ಯಾರೂ ಕಡೀಲಿಲ್ಲ.
ಮತ್ಯಾಕ ಮಾರಿ ಸಣ್ಣದು ಮಾಡ್ತೀರಿ?
ಗರಾ ಬೀಳಲಿಲ್ಲ, ಅಷ್ಟs.'

ರೊಡೆಲ್‌ನ ಗ್ಲೌಸು ದಿಂಬಿನ ಪಕ್ಕ.
ಚರ್ಮ, ಬೆವರು, ಸ್ವಲ್ಪ ಡೀಸೆಲ್ಲು.
ನಾಲ್ಕಕ್ಕೆ ಅವನು ಬರುತ್ತಾನೆ,
ಐದಕ್ಕೆ ನನ್ನ ಬಸ್ಸು.