ನಲವತ್ತಕ್ಕ ಎರಡು ಕಡಿಮಿ

ಬ್ಯಾಡಗಿ ಬಿಇಓ ಆಫೀಸಿನ ಎದುರು ಗೂಡಂಗಡಿ ನಂದು.
ಒಂದು ಝೆರಾಕ್ಸ್ ಮಶೀನು, ಒಂದು ಸ್ಟೂಲು, ಗೋಂದಿನ ಡಬ್ಬಿ.
ಯಾವ ಕಾಗದ ಯಾವ ಖೋಲ್ಯಾಗ ಹೋಗಿ ಮಲಗತೈತಿ
ಅನ್ನೂದು ಹದಿನಾರು ವರ್ಷದಾಗ ನನಗ ಬಾಯಿಪಾಠ.

ಫಕ್ಕೀರವ್ವ ಬಂದಾಗ ಆಕಿಗಿಂತ ಮೊದಲು ಘಾಟು ಬಂತು.
ದಿನಾ ಮೆಣಸಿನಕಾಯಿ ತುಂಬು ಬಿಡಿಸೋ ಕೈ.
ನಾ ಸೀನಿದೆ. ಆಕಿ "ತಪ್ಪಾತ್ರಿ" ಅಂದಳು,
ಸೆರಗಿಗೆ ಕೈ ಒರಸಿ
ಒಂದೇ ಬೆರಳಿನಿಂದ ಕಾಗದ ಮುಂದ ಸರಿಸಿದಳು.
ಬೆನ್ನ ಹಿಂದ ಏಳು ವರ್ಷದ ಚನ್ನವೀರ,
ಅಂಗಡಿ ಫ್ಯಾನಿನ ಜೋಡಿ ತಾನೂ ತಿರುಗಕೋತ.

ಸಾಲ್ಯಾಗ ಹೆಸರೈತಿ. ಹೆಸರಷ್ಟೇ ಐತಿ.
"ನಾಳೆ ಕರಕೊಂಡ ಬರ್ರಿ" ಅಂತ ಮಾಸ್ತರು ಅಂದದ್ದು ಜೂನದಾಗ,
ಈಗ ಸಂಕ್ರಮಣ ಸಮೀಪ ಬಂತು.
ಮನೀಗೆ ಬಂದು ಕಲಿಸೋ ಟೀಚರ್ ಸಿಗತಾರು, ಅರ್ಜಿ ಹಾಕೂಣು, ಅಂದೆ.
"ಮನೀಗೆ ಯಾಕ್ರಿ? ಮನ್ಯಾಗ ನಾನೂ ಇರೂದಿಲ್ಲ.
ಅಂವಗ ಬೆಂಚು ಬೇಕು.
ಬಾಜೂಕ ಯಾರರ ಕುಂಡ್ರಬೇಕು."

ಹಂಗಾದ್ರ ಮೊದಲು ಕಾರ್ಡು.
ಕಾರ್ಡಿಗೆ ಹಾವೇರಿ ದೊಡ್ಡಾಸ್ಪತ್ರಿ, ಬುಧವಾರಷ್ಟೇ.
ಆಧಾರ್, ರೇಷನ್ ಕಾರ್ಡು, ಫೋಟೋ ನಾಕು,
ಎಲ್ಲಾದಕ್ಕೂ ಮೂರು ಮೂರು ಪ್ರತಿ:
ಒಂದು ಅವರು ಕಳಕೊಳ್ಳಾಕ,
ಒಂದು ಅವರು ಮತ್ತ ಕೇಳಾಕ,
ಒಂದು ನಿನ್ನ ಟ್ರಂಕಿನಾಗ.
ಇದು ನನ್ನ ಹಳೇ ಚ್ಯಾಷ್ಟಿ. ಆಕಿ ನಗಲಿಲ್ಲ,
ಹಾಳಿ ಎಣಿಸಿದಳು.

ಮೂರು ಬುಧವಾರ. ಮೂರು ದಿನದ ಪಗಾರ.
ಒಂದಕ್ಕ ಡಾಕ್ಟರು ರಜಾ, ಒಂದಕ್ಕ ಸರ್ವರ್ ಡೌನು,
ಮೂರನೇದ್ದಕ್ಕ ಒಳಗ ಕರದರು.

ಅವತ್ತು ಏನಾತಂದ್ರ,
ಇದನ್ನ ಆಕಿ ನನಗ ಎರಡು ಸಲ ಹೇಳಿದಳು,
ಒಮ್ಮೆ ನಗಕೋತ, ಒಮ್ಮೆ ಅಳಕೋತ,
ಡಾಕ್ಟರಬಾಯಿ "ನಿನ್ನ ಹೆಸರೇನೋ ರಾಜಾ?" ಅಂದ್ರ
ಹುಟ್ಟಿದಾಗಿಂದ ಮಾತಿಗೆ ತೆರೀದ ಬಾಯಿ ತೆರದು
ಅಂವ ಅಂದ: "ಚನ್ನ."

ಅರ್ಧ ಹೆಸರು. ಆದ್ರೂ ಹೆಸರು.
ಗುಡಿ, ದರ್ಗಾ ಎರಡೂ ಸುತ್ತಿ, ಹರಕಿ ಹೊತ್ತು ಸಿಗದ ಮಾತು
ಫಿನಾಯಿಲ್ ವಾಸನಿ ಹೊಡಿಯೋ ಸರಕಾರಿ ಖೋಲ್ಯಾಗ ಸಿಕ್ಕಿತ್ತು.
ಡಾಕ್ಟರಬಾಯಿಗೂ ಖುಷಿ ಆತಂತ.
ಖುಷೀಲೇ ಬರದರು: ಮೂವತ್ತೆಂಟು.

ನಲವತ್ತಾದ್ರ ಬಾಗಲಾ.
ಮೂವತ್ತೆಂಟಕ್ಕ ಗ್ವಾಡಿ.

"ಎರಡು ಎಲ್ಲಿಂದ ತರಲ್ರಿ?
ಆಡಿದ ಮಾತು ನುಂಗೋ ಅಂತ ಅಂವಗ ಹೇಳಲೇನ್ರಿ?
ಮಾರ್ಕೆಟ್ಟಿನ್ಯಾಗ ತೂಕ ಕಡಿಮಿ ಬಿದ್ರ
ಒಂದು ಹಿಡಿ ಕಾಯಿ ಮ್ಯಾಲ ಹಾಕತಾರ.
ಇಲ್ಲಿ ಏನ ಹಾಕೂದು?"

ನನ್ನ ಹಂತ್ಯಾಕ ಉತ್ತರ ಇದ್ದಿಲ್ಲ, ಹಾಳಿ ಇತ್ತು.
'ಫಕ್ಕೀರವ್ವ ಕೋಂ ನಿಂಗಪ್ಪ ಕರ್ಜಗಿ' ಅಂತ ಬರದೆ.
'ವಿಷಯ: ಮರುಪರೀಕ್ಷೆ ಕೋರಿ' ಅಂತ ಬರದೆ.
'ಸದರಿ ಬಾಲಕನಿಗೆ ಮಾತು ಬರುವುದಿಲ್ಲ' ಅಂತ ಬರದು ಓದಿ ಹೇಳಿದೆ.
"ಹಂಗ ಬರೀಬ್ಯಾಡ್ರಿ," ಅಂದಳು.
"ಮಾತಾಡ್ಯಾನ. ನಾ ಕೇಳೀನಿ."

ಹೊಡದು ಹಾಕಿದೆ. ಎರಡು ಹಾಳಿ ಹರದೆ.
ಮಧ್ಯಾಹ್ನದ ಬಿಸಲು ಗ್ಲಾಸಿನ ಮ್ಯಾಲ ಬರೂತನಾ ಕುಂತು
ಮೂರನೇ ಹಾಳ್ಯಾಗ ಬರದೆ:
'ಬಾಲಕನು ಈವರೆಗೆ ಒಂದು ಮಾತು ಆಡಿರುತ್ತಾನೆ.
ಎರಡನೆಯದನ್ನು ಕಲಿಯಲು ಶಾಲೆ ಬೇಕಾಗಿರುತ್ತದೆ.'
ಆಕಿ ಅಷ್ಟುದ್ದ ಸಹಿ ಮಾಡಿದಳು,
ತುಂಬು ಬಿಡಿಸಿದಂಗ, ಒಂದೊಂದೇ ಅಕ್ಷರ.

ಪ್ರತಿ ಮೂರು. ಆರು ರೂಪಾಯಿ ಕೊಟ್ಟಳು. ತಗೊಂಡೆ.
ಬ್ಯಾಡ ಅಂದಿದ್ರ ಆಕಿ ಮತ್ತ ಬರೂದು ಕಷ್ಟ.

ಎದುರಿನ ಆಫೀಸಿನ್ಯಾಗ ಶಿಕ್ಕಾ ಹಾಕಿಸಿಕೊಂಡ ಬಂದಳು.
ಶಿಕ್ಕಾ ಐತಿ, ತಾರೀಖು ಮೂಡಿಲ್ಲ.
ಇನ್ನೊಮ್ಮೆ ಒತ್ತಿಸಿಕೊಂಡ ಬಾ ಅಂತ ತಿರುಗಿ ಕಳಿಸೀನಿ;
ತಾರೀಖಿಲ್ಲದ ಕಾಗದ ಹುಟ್ಟಿದಂಗಲ್ಲ.

ಚನ್ನವೀರ ನನ್ನ ಸ್ಟೂಲಿನ ಮ್ಯಾಲ ಅದಾನ.
ಹೆಸರೇನೋ ರಾಜಾ, ಅಂದೆ.
ಫ್ಯಾನಿನ ಕಡೆ ನೋಡಿದ.